ಬೆಳ್ಳಾವೆ ವೆಂಕಟನಾರಣಪ್ಪ

ಬೆಳ್ಳಾವೆ ವೆಂಕಟನಾರಣಪ್ಪ (1872–1943) ಕನ್ನಡದಲ್ಲಿ ಆಧುನಿಕ ವಿಜ್ಞಾನ ಸಾಹಿತ್ಯಕ್ಕೆ ಬುನಾದಿ ಹಾಕಿದವರಲ್ಲಿ ಅಗ್ರಗಣ್ಯರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಇವರು 1918ರಲ್ಲಿ ಕನ್ನಡದ ಮೊತ್ತಮೊದಲ ವಿಜ್ಞಾನ ಪತ್ರಿಕೆಯೆಂದು ಹೆಸರಾದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಕರ್ಣಾಟಕ ಸಾಹಿತ್ಯ ಪರಿಷತ್ತಿನ ಆರಂಭದ ದಿನಗಳಿಂದಲೂ ಅದರ ಕೆಲಸಗಳಲ್ಲಿ ದುಡಿದು, ಪರಿಷತ್ಪತ್ರಿಕೆಯನ್ನು ಹಲವು ವರ್ಷ ಸಂಪಾದಿಸಿದರು. ಪಂಪಕವಿಯ ‘ವಿಕ್ರಮಾರ್ಜುನ ವಿಜಯ’ವು 1931ರಲ್ಲಿ ಪರಿಷತ್ತಿನಿಂದ ಪ್ರಕಟವಾದಾಗ ಅದರ ಸಂಪಾದಕತ್ವ ಇವರದಾಗಿತ್ತು. 1937ರಲ್ಲಿ ಜಮಖಂಡಿಯಲ್ಲಿ ನಡೆದ 22ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇವರು ಅಧ್ಯಕ್ಷರಾಗಿದ್ದರು.

ಇದೇ ಊರಿನ ಹೆಸರು ಹೊತ್ತ ಇನ್ನೊಬ್ಬ ಪ್ರಸಿದ್ಧರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಅವರು ನಾಟಕಕಾರರು; 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ವಾಕ್ಚಿತ್ರಕ್ಕೆ ಸಂಭಾಷಣೆ ಮತ್ತು ಹಾಡುಗಳನ್ನು ಬರೆದವರು. ಇಬ್ಬರನ್ನೂ ಒಬ್ಬರೆಂದು ಭಾವಿಸುವುದುಂಟು. ಒಬ್ಬರ ಬಾಳು ರಂಗಮಂಟಪದ ಬೆಳಕಿನಲ್ಲಿ ಕಳೆಯಿತು, ಇನ್ನೊಬ್ಬರದು ಪಾಠದ ಕೋಣೆ, ಅಚ್ಚುಕೂಟ ಮತ್ತು ಪರಿಷತ್ತಿನ ಕಚೇರಿಗಳ ನಡುವೆ ಸಾಗಿತು.

ಊರು ಮತ್ತು ಕಾಲ

ಬೆಳ್ಳಾವಿ ತುಮಕೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹಳೆಯ ಬರವಣಿಗೆಗಳಲ್ಲಿ ಬೆಳ್ಳಾವೆ ಎಂಬ ರೂಪವೇ ಹೆಚ್ಚು. ವೆಂಕಟನಾರಣಪ್ಪನವರ ಹೆಸರಿನ ಮೊದಲಲ್ಲಿ ನಿಂತಿರುವುದೂ ಅದೇ. ಬೆಳ್ಳಾವಿ ಸಂತೆಗೂ ವ್ಯಾಪಾರಕ್ಕೂ ಹೆಸರಾದ ಊರು. ರಾಗಿ, ತೆಂಗು, ಅಡಿಕೆಗಳ ಸೀಮೆಯಾದ ಈ ಭಾಗದಲ್ಲಿ ವರ್ತಕರ ಬೀದಿಗಳೂ ಮಠಗಳೂ ಶಾನುಭೋಗರ ಮನೆಗಳೂ ಒಟ್ಟಿಗೇ ಇದ್ದವು. ಅಕ್ಷರಾಭ್ಯಾಸವೆಂದರೆ ಮರಳಿನ ಮೇಲೆ ತೀಡುವುದು, ಅಮರಕೋಶವನ್ನೋ ಸೋಮೇಶ್ವರ ಶತಕವನ್ನೋ ಬಾಯಿಪಾಠ ಮಾಡುವುದು, ಲೆಕ್ಕದ ಕೋಷ್ಟಕಗಳನ್ನು ಒಪ್ಪಿಸುವುದು ಎಂಬಂತಿದ್ದ ಕೂಲಿಮಠಗಳ ಕಾಲ ಆಗಿನ್ನೂ ಪೂರ್ತಿ ಮುಗಿದಿರಲಿಲ್ಲ.

ವೆಂಕಟನಾರಣಪ್ಪನವರು ಹುಟ್ಟಿದ 1872ರಲ್ಲಿ ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಅವರು ಇನ್ನೂ ಬಾಲಕರಾಗಿದ್ದಾಗ 1876ರಿಂದ 1878ರವರೆಗೆ ಧಾತು ಸಂವತ್ಸರದ ಮಹಾಕ್ಷಾಮ ಬಂದಿತು. ಸಂಸ್ಥಾನದ ಜನಸಂಖ್ಯೆಯಲ್ಲಿ ಐದರಲ್ಲೊಂದು ಪಾಲಿನಷ್ಟು ಜನ ಆ ಬರಕ್ಕೂ ಅದರ ಬೆನ್ನಿಗೆ ಬಂದ ರೋಗಗಳಿಗೂ ಬಲಿಯಾದರೆಂದು ಲೆಕ್ಕ. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಆ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿನವರೆಗೆ ರೈಲುದಾರಿ ಬಂದುದರಿಂದ ಈ ಭಾಗದ ಹುಡುಗರಿಗೆ ಇಂಗ್ಲಿಷ್ ವಿದ್ಯೆಯ ಬಾಗಿಲು ಹತ್ತಿರವಾಯಿತು. 1884ರಲ್ಲಿ ಪಕ್ಕದ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಅದೇ ವರ್ಷ ಇದೇ ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಜನಿಸಿದರು. ಮುಂದಿನ ಐವತ್ತು ವರ್ಷಗಳ ಕನ್ನಡದ ಕೆಲಸಗಳಲ್ಲಿ ತುಮಕೂರು ಸೀಮೆಯ ಹೆಸರು ಮತ್ತೆ ಮತ್ತೆ ಬರುವುದಕ್ಕೆ ಇಂತಹ ಹಿನ್ನೆಲೆಯುಂಟು.

ವಿದ್ಯಾಭ್ಯಾಸ ಮತ್ತು ಅಧ್ಯಾಪನ

ವೆಂಕಟನಾರಣಪ್ಪನವರು ಮದರಾಸು ವಿಶ್ವವಿದ್ಯಾನಿಲಯದಿಂದ ಎಂ.ಎ. ಪದವಿ ಪಡೆದರು. ಅಂದು ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯವಿರಲಿಲ್ಲ. ಇಲ್ಲಿನ ಕಾಲೇಜುಗಳೆಲ್ಲ ಮದರಾಸಿಗೆ ಸೇರಿದ್ದವು. ಅವರು ಆರಿಸಿಕೊಂಡ ವಿಷಯ ಭೌತಶಾಸ್ತ್ರ. ಎಂ.ಎ. ಪದವೀಧರರನ್ನು ಬೆರಳೆಣಿಕೆಯಲ್ಲಿ ಎಣಿಸಬಹುದಾಗಿದ್ದ ಆ ಕಾಲದಲ್ಲಿ ಇಂತಹ ಪದವಿ ಸರ್ಕಾರದ ಕಂದಾಯ, ನ್ಯಾಯ ಇಲಾಖೆಗಳ ದೊಡ್ಡ ಹುದ್ದೆಗಳಿಗೆ ದಾರಿಯಾಗಬಹುದಿತ್ತು. ಅವರು ಹಿಡಿದದ್ದು ಅಧ್ಯಾಪಕ ವೃತ್ತಿಯನ್ನು.

ಸೆಂಟ್ರಲ್ ಕಾಲೇಜು 1858ರಲ್ಲಿ ಆರಂಭವಾದ ವಿದ್ಯಾಸಂಸ್ಥೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ವಿಜ್ಞಾನ ವಿಷಯಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಕಲಾ ವಿಷಯಗಳು ಮೈಸೂರಿನ ಮಹಾರಾಜಾ ಕಾಲೇಜಿಗೂ ಹಂಚಿಕೆಯಾದವು. ಹೀಗಾಗಿ ವೆಂಕಟನಾರಣಪ್ಪನವರು ಕಲಿಸುತ್ತಿದ್ದ ಕಾಲೇಜು ಸಂಸ್ಥಾನದ ವಿಜ್ಞಾನ ಶಿಕ್ಷಣದ ಮುಖ್ಯ ನೆಲೆಯಾಯಿತು. ನಗರದ ಇನ್ನೊಂದು ಭಾಗದಲ್ಲಿ ಟಾಟಾ ಸಂಸ್ಥೆಯೆಂದು ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಮಂದಿರವೂ 1911ರಿಂದ ಕೆಲಸ ನಡೆಸುತ್ತಿತ್ತು.

ಆದರೆ ಈ ವಿದ್ಯೆಯೆಲ್ಲ ಇಂಗ್ಲಿಷಿನಲ್ಲಿತ್ತು. ತರಗತಿಯಲ್ಲಿ ಬೆಳಕಿನ ವಕ್ರೀಭವನವನ್ನು ವಿವರಿಸುವ ಅಧ್ಯಾಪಕರು ಅದನ್ನೇ ಮನೆಗೆ ಬಂದು ತಾಯಿಗೋ ತಂಗಿಗೋ ಹೇಳಬೇಕಾದರೆ ಮಾತು ಸಿಗುತ್ತಿರಲಿಲ್ಲ. ವಿದ್ಯಾರ್ಥಿಗಳ ಪಾಡೂ ಅಷ್ಟೇ. ಪರೀಕ್ಷೆಗಾಗಿ ಇಂಗ್ಲಿಷಿನಲ್ಲಿ ಕಲಿತ ವಿಷಯ ಪರೀಕ್ಷೆಯ ಕೋಣೆಯ ಆಚೆಗೆ ಬರುತ್ತಿರಲಿಲ್ಲ. ಸಂಸ್ಥಾನದಲ್ಲಿ ನೂರಕ್ಕೆ ಹತ್ತು ಮಂದಿಗೂ ಓದುಬರಹ ಬಾರದಿದ್ದ ಕಾಲವದು. ಇಂಗ್ಲಿಷ್ ಬಲ್ಲವರು ಇನ್ನೂ ವಿರಳ. ಪ್ಲೇಗು ಬಂದಾಗ ಊರು ಬಿಟ್ಟು ಗುಡಿಸಲು ಹಾಕಿಕೊಳ್ಳುತ್ತಿದ್ದ ಜನಕ್ಕೆ ಆ ರೋಗ ಇಲಿಯಿಂದ, ಚಿಗಟದಿಂದ ಹೇಗೆ ಹರಡುತ್ತದೆಂಬುದನ್ನು ತಿಳಿಸುವ ಪುಸ್ತಕ ಅವರ ಭಾಷೆಯಲ್ಲಿ ಎಷ್ಟಿದ್ದವು? ಕನ್ನಡದಲ್ಲಿ ವಿಜ್ಞಾನವನ್ನು ಹೇಳುವುದು ಭಾಷಾಭಿಮಾನದ ಪ್ರಶ್ನೆಯಷ್ಟೇ ಆಗಿರಲಿಲ್ಲ.

‘ವಿಜ್ಞಾನ’ ಪತ್ರಿಕೆ

ಕನ್ನಡಕ್ಕೆ ಶಾಸ್ತ್ರಗ್ರಂಥಗಳು ಹೊಸವಲ್ಲ. 11ನೆಯ ಶತಮಾನದಲ್ಲಿಯೇ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು ಅಂತರ್ಜಲ, ಗಿಡಮರಗಳ ಆರೈಕೆ, ಅಡಿಗೆ, ಸುಗಂಧದ್ರವ್ಯ, ವೈದ್ಯ ಮುಂತಾದ ಬಾಳಿಗೆ ಬೇಕಾದ ಸಂಗತಿಗಳನ್ನು ಒಂದೆಡೆ ಸೇರಿಸಿತ್ತು. ಶ್ರೀಧರಾಚಾರ್ಯನ ‘ಜಾತಕತಿಲಕ’ ಜ್ಯೋತಿಷದ ಗ್ರಂಥ. 12ನೆಯ ಶತಮಾನದ ರಾಜಾದಿತ್ಯ ಗಣಿತವನ್ನು ಪದ್ಯದಲ್ಲಿ ಬರೆದ. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯದ ಗ್ರಂಥ. ಆದರೆ ಆ ಪರಂಪರೆಗೂ ಯೂರೋಪಿನ ಪ್ರಯೋಗಶಾಲೆಗಳಲ್ಲಿ ಬೆಳೆದ ಹೊಸ ವಿಜ್ಞಾನಕ್ಕೂ ನಡುವೆ ಸೇತುವೆಯಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳೂ ವಿದ್ಯಾ ಇಲಾಖೆಯೂ ಹೊರತಂದ ಪಾಠಪುಸ್ತಕಗಳು ಶಾಲೆಯ ಮಕ್ಕಳಿಗೆ ಸಾಕಾಗುವಷ್ಟು ಮಾತ್ರ. ಬೆಳೆದ ಓದುಗನಿಗೆ ತಿಂಗಳು ತಿಂಗಳೂ ಹೊಸ ವಿಷಯ ತಿಳಿಸುವ ಸಾಧನ ಯಾವುದೂ ಇರಲಿಲ್ಲ.

ಈ ಕೊರತೆಯನ್ನು ನೀಗಲು ಬೆಂಗಳೂರಿನಲ್ಲಿ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿ ರೂಪುಗೊಂಡಿತು. ಅದರ ಮುಖವಾಣಿಯಾಗಿ ‘ವಿಜ್ಞಾನ’ ಮಾಸಪತ್ರಿಕೆ 1918ರಲ್ಲಿ ಹೊರಬಂದಿತು. ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಅದರ ಸಂಪಾದಕತ್ವವನ್ನು ವಹಿಸಿಕೊಂಡರು.

ಆ ವರ್ಷವನ್ನು ಸ್ವಲ್ಪ ನೆನೆಯಬೇಕು. ಯೂರೋಪಿನ ಮಹಾಯುದ್ಧ ನಾಲ್ಕನೆಯ ವರ್ಷ ದಾಟುತ್ತಿತ್ತು. ಕಾಗದದ ಬೆಲೆ ಏರಿತ್ತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಜ್ವರ ಬೆಂಗಳೂರನ್ನೂ ಸುತ್ತಲ ಜಿಲ್ಲೆಗಳನ್ನೂ ಹೊಡೆದು ಅಸಂಖ್ಯ ಜನರನ್ನು ಕೊಂಡೊಯ್ದಿತು. ಇಂತಹ ದಿನಗಳಲ್ಲಿ ಸರ್ಕಾರಿ ಕಾಲೇಜಿನ ಅಧ್ಯಾಪಕರೊಬ್ಬರು ತರಗತಿಗಳನ್ನು ಮುಗಿಸಿ ಬಂದು, ಕನ್ನಡದಲ್ಲಿ ಬರೆದು ಅಭ್ಯಾಸವಿಲ್ಲದ ವಿದ್ವಾಂಸರಿಂದ ಲೇಖನ ಪಡೆದು, ಅವುಗಳ ಭಾಷೆಯನ್ನು ತಿದ್ದಿ, ಕರಡು ನೋಡಿ, ತಿಂಗಳು ತಪ್ಪದೆ ಪತ್ರಿಕೆಯನ್ನು ಅಂಚೆಗೆ ಹಾಕಬೇಕಾಗಿತ್ತು. ಸಂಬಳ ತರುವ ಕೆಲಸ ಇದಲ್ಲ.

ಸಂಪಾದಕರ ಮುಂದಿದ್ದ ನಿಜವಾದ ತೊಡಕು ಪಾರಿಭಾಷಿಕ ಪದಗಳದು. ಇಂಗ್ಲಿಷಿನ ಒಂದು ಶಾಸ್ತ್ರಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಮೂರು ದಾರಿಗಳಿದ್ದವು. ಸಂಸ್ಕೃತದ ಧಾತುಗಳಿಂದ ಹೊಸ ಪದ ಕಟ್ಟುವುದು ಒಂದು. ಇದರಿಂದ ಬಂಗಾಳಿ, ಮರಾಠಿ, ತೆಲುಗುಗಳೊಡನೆ ಸಾಮ್ಯ ಉಳಿಯುತ್ತದೆ, ಆದರೆ ಸಾಮಾನ್ಯ ಓದುಗನಿಗೆ ಇಂಗ್ಲಿಷಿನಷ್ಟೇ ಅಪರಿಚಿತವಾದ ಮಾತುಗಳು ಹುಟ್ಟುವ ಅಪಾಯವೂ ಇದೆ. ಜನರ ಬಾಯಲ್ಲಿರುವ ದೇಶ್ಯ ಪದವನ್ನೇ ಶಾಸ್ತ್ರಾರ್ಥಕ್ಕೆ ಹೊಂದಿಸುವುದು ಎರಡನೆಯದು. ಇದು ಸುಲಭವಾಗಿ ಕಂಡರೂ, ದಿನಬಳಕೆಯ ಪದಕ್ಕೆ ಹಲವು ಅರ್ಥಗಳಿರುವುದರಿಂದ ಶಾಸ್ತ್ರದ ಖಚಿತತೆ ಸಡಿಲವಾಗುತ್ತದೆ. ಇಂಗ್ಲಿಷ್ ಪದವನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯುವುದು ಮೂರನೆಯ ದಾರಿ. ಶಕ್ತಿ, ಬಲ, ಚೈತನ್ಯ ಎಂಬ ಮೂರು ಮಾತುಗಳನ್ನು ಮಾತಿನಲ್ಲಿ ಒಂದೇ ಎಂಬಂತೆ ಬಳಸುತ್ತೇವೆ. ಭೌತಶಾಸ್ತ್ರದ ಅಧ್ಯಾಪಕನಿಗೆ ಅವು ಬೇರೆ ಬೇರೆಯಾಗಿ ನಿಲ್ಲದಿದ್ದರೆ ಒಂದು ಸೂತ್ರವನ್ನೂ ಹೇಳುವಂತಿಲ್ಲ. ಈ ಬಗೆಯ ಚರ್ಚೆ ಕನ್ನಡದಲ್ಲಿ ಇಂದಿಗೂ ಮುಗಿದಿಲ್ಲ. ವೆಂಕಟನಾರಣಪ್ಪನವರ ತಲೆಮಾರಿನವರು ಅದನ್ನು ಸಿದ್ಧಾಂತವಾಗಿ ತೀರ್ಮಾನಿಸಲು ಕಾಯಲಿಲ್ಲ. ಲೇಖನ ಬರೆಯುತ್ತ ಬರೆಯುತ್ತಲೇ ಪದಗಳನ್ನು ಪರೀಕ್ಷೆಗಿಟ್ಟರು.

ಪತ್ರಿಕೆ ನಡೆದದ್ದು ಎರಡು ವರ್ಷ ಮಾತ್ರ, 1918 ಮತ್ತು 1919. ಅನಂತರ ಅದು ನಿಂತುಹೋಯಿತು. ಎರಡು ವರ್ಷದ ಪತ್ರಿಕೆಯನ್ನು ಇಷ್ಟು ದೊಡ್ಡದು ಮಾಡಿ ಹೇಳಬೇಕೇ ಎಂದು ಕೇಳುವವರಿದ್ದಾರೆ. ಆದರೆ ಅದು ನಿಂತ ಮೇಲೆ ಅಂತಹ ಇನ್ನೊಂದು ಪತ್ರಿಕೆ ಕನ್ನಡದಲ್ಲಿ ನೆಲೆಯಾಗಿ ನಿಲ್ಲಲು ಎಷ್ಟು ದಶಕ ಬೇಕಾಯಿತೆಂಬುದನ್ನು ನೋಡಿದರೆ ಆ ಪ್ರಯತ್ನದ ತೂಕ ತಿಳಿಯುತ್ತದೆ. ‘ಬಾಲವಿಜ್ಞಾನ’ ಮಾಸಪತ್ರಿಕೆ ಬಂದದ್ದು 1978ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾದದ್ದು 1980ರಲ್ಲಿ. ನಡುವೆ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬಹುಮಟ್ಟಿಗೆ ಒಬ್ಬರೇ ಬರೆದು ಮುಗಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಪುಸ್ತಕಗಳ ಮೂಲಕವೂ ವಿಜ್ಞಾನ ಹಳ್ಳಿಗಳಿಗೆ ತಲುಪಿತು. ಈ ಎಲ್ಲರಿಗೂ ಮೊದಲು ನೇಗಿಲು ಊರಿದವರು 1918ರ ಸಂಪಾದಕರಿಬ್ಬರು.

‘ವಿಜ್ಞಾನ’ ನಿಲ್ಲುವ ಹೊತ್ತಿಗೆ, 1919ರಲ್ಲಿ, ಅದೇ ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಕರ್ಣಾಟಕ ಸಂಘವೂ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯೂ ಹುಟ್ಟಿದವು. ಇಂಗ್ಲಿಷ್ ಮಾತೇ ಗೌರವವೆನಿಸಿದ್ದ ಒಂದು ಕಾಲೇಜಿನ ಆವರಣದಿಂದ ಇಷ್ಟು ಕಡಮೆ ಅವಧಿಯಲ್ಲಿ ಎರಡು ಕನ್ನಡ ಪತ್ರಿಕೆಗಳು ಹೊರಟದ್ದು ಗಮನಾರ್ಹ. ಒಂದು ಬೇಗ ನಿಂತಿತು. ಇನ್ನೊಂದು ವಿಶ್ವವಿದ್ಯಾನಿಲಯದ ಆಶ್ರಯ ಪಡೆದು ಬಹುಕಾಲ ಬಾಳಿತು.

ಸಾಹಿತ್ಯ ಪರಿಷತ್ತಿನಲ್ಲಿ

ಮೈಸೂರು ಸಂಪದಭ್ಯುದಯ ಸಮಾಜದ ಪ್ರೇರಣೆಯಿಂದ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಎಚ್.ವಿ. ನಂಜುಂಡಯ್ಯನವರು ಅದರ ಮೊದಲ ಅಧ್ಯಕ್ಷರು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಒಂದೇ ಗ್ರಂಥಭಾಷೆ ಬೆಳೆಸುವುದು, ಹಳೆಯ ಕಾವ್ಯಗಳನ್ನು ಶೋಧಿಸಿ ಅಚ್ಚುಮಾಡುವುದು, ಶಾಸ್ತ್ರಗ್ರಂಥಗಳನ್ನು ಬರೆಯಿಸುವುದು, ಪಾರಿಭಾಷಿಕ ಪದಗಳನ್ನು ನಿರ್ಣಯಿಸುವುದು ಮುಂತಾದವು ಅದರ ಉದ್ದೇಶಗಳಾಗಿದ್ದವು. ವೆಂಕಟನಾರಣಪ್ಪನವರ ಬಾಳಿನ ಕೆಲಸವನ್ನು ಈ ಉದ್ದೇಶಗಳ ಪಕ್ಕದಲ್ಲಿಟ್ಟು ನೋಡಿದರೆ, ಅವುಗಳಲ್ಲಿ ಹೆಚ್ಚಿನವಕ್ಕೆ ಅವರು ತಾವಾಗಿಯೇ ಹೆಗಲು ಕೊಟ್ಟಿದ್ದು ಕಾಣುತ್ತದೆ.

ಪರಿಷತ್ತಿಗೆ ಮೊದಲ ವರ್ಷಗಳಲ್ಲಿ ಸ್ವಂತ ಮನೆಯಿರಲಿಲ್ಲ. ಚಾಮರಾಜಪೇಟೆಯ ಈಗಿನ ಮಂದಿರ ಪೂರ್ತಿಯಾಗಿ ಬಾಗಿಲು ತೆರೆದದ್ದು 1933ರಲ್ಲಿ. ಅಲ್ಲಿಯವರೆಗಿನ ಹದಿನೆಂಟು ವರ್ಷ ಸಂಸ್ಥೆಯನ್ನು ಉಳಿಸಿದ್ದು ಕೆಲವರು ಸದಸ್ಯರ ದುಡಿಮೆ ಮತ್ತು ಪರಿಷತ್ಪತ್ರಿಕೆ. ದೂರದ ಧಾರವಾಡ, ಮಂಗಳೂರು, ಬಳ್ಳಾರಿಗಳ ಸದಸ್ಯನಿಗೆ ಪರಿಷತ್ತೆಂದರೆ ಅಂಚೆಯಲ್ಲಿ ಬರುವ ಆ ಪತ್ರಿಕೆಯೇ. ವೆಂಕಟನಾರಣಪ್ಪನವರು ಅದರ ಸಂಪಾದಕರಾಗಿ ದೀರ್ಘಕಾಲ ದುಡಿದರು. ಶಾಸನ, ಛಂದಸ್ಸು, ವ್ಯಾಕರಣ, ಕವಿಕಾಲ ವಿಚಾರ ಮೊದಲಾದ ವಿದ್ವತ್ಪೂರ್ಣ ಲೇಖನಗಳಿಗೆ ಆ ಪತ್ರಿಕೆ ನೆಲೆಯಾಗಿತ್ತು. ಕನ್ನಡದಲ್ಲಿ ಸಂಶೋಧನ ಲೇಖನವೆಂಬುದು ಹೇಗಿರಬೇಕು, ಆಧಾರವನ್ನು ಹೇಗೆ ಕೊಡಬೇಕು, ಎದುರು ವಾದವನ್ನು ಯಾವ ಮರ್ಯಾದೆಯಲ್ಲಿ ಖಂಡಿಸಬೇಕು ಎಂಬ ರೂಢಿಗಳು ಅಂತಹ ಪತ್ರಿಕೆಗಳ ಪುಟಗಳಲ್ಲಿ ಬೆಳೆದವು.

ಸಂಪಾದಕನ ಕೆಲಸ ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದ್ದು. ಲೇಖನ ಚೆನ್ನಾಗಿದ್ದರೆ ಬರೆದವನಿಗೆ ಹೆಸರು, ಅಚ್ಚಿನ ತಪ್ಪಿದ್ದರೆ ಸಂಪಾದಕನಿಗೆ ದೂರು. ವೆಂಕಟನಾರಣಪ್ಪನವರ ಹೆಸರು ಸ್ವತಂತ್ರ ಕೃತಿಗಳ ಪಟ್ಟಿಯಲ್ಲಿ ಕಡಮೆ ಕಾಣಿಸುವುದಕ್ಕೆ ಕಾರಣ ಇಲ್ಲಿಯೇ ಇದೆ: ಅವರ ವೇಳೆಯ ದೊಡ್ಡ ಪಾಲು ಬೇರೆಯವರ ಬರಹಗಳ ಒಳಗೆ ಕರಗಿಹೋಯಿತು.

ಪಂಪಭಾರತದ ಸಂಪಾದನೆ

ಕನ್ನಡದ ಆದಿಕವಿ ಪಂಪನು 10ನೆಯ ಶತಮಾನದಲ್ಲಿ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದು ಬರೆದ ‘ವಿಕ್ರಮಾರ್ಜುನ ವಿಜಯ’ವನ್ನು ಮೊದಲು ಅಚ್ಚಿಗೆ ತಂದವರು ಬಿ.ಎಲ್. ರೈಸ್. 1898ರಲ್ಲಿ ಪ್ರಕಟವಾದ ಆ ಮುದ್ರಣ ಕನ್ನಡಿಗರಿಗೆ ಒಂದು ದೊಡ್ಡ ನಿಧಿಯನ್ನು ತೋರಿಸಿಕೊಟ್ಟಿತು. ಆದರೆ ಕಾಲ ಕಳೆದಂತೆ ಪ್ರತಿಗಳು ದುರ್ಲಭವಾದವು. ಪಾಠದಲ್ಲಿ ತೊಡಕಿನ ಸ್ಥಳಗಳೂ ಉಳಿದಿದ್ದವು. ಕಾಲೇಜುಗಳಲ್ಲಿ ಹಳಗನ್ನಡದ ಪಾಠ ಹೆಚ್ಚಿದಂತೆ, ಆದಿಕವಿಯ ಕಾವ್ಯವೇ ವಿದ್ಯಾರ್ಥಿಗಳ ಕೈಗೆ ಸಿಗದಂತಹ ಪರಿಸ್ಥಿತಿ ಬಂತು. ಪರಿಷತ್ತು ಈ ಗ್ರಂಥವನ್ನು ಪುನಃ ಪರಿಷ್ಕರಿಸಿ ಪ್ರಕಟಿಸಲು ನಿಶ್ಚಯಿಸಿತು. 1931ರಲ್ಲಿ ‘ಪಂಪಭಾರತಂ ಅಥವಾ ವಿಕ್ರಮಾರ್ಜುನ ವಿಜಯಂ’ ಹೊರಬಂದಿತು.

ಇಂತಹ ಸಂಪಾದನೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ವಿದ್ಯಾರ್ಥಿಗಳು ತಿಳಿಯುವುದು ಒಳ್ಳೆಯದು. ಪಂಪನ ಕಾಲಕ್ಕೂ ನಮಗೆ ದೊರೆತ ಓಲೆಗರಿಗಳ ಕಾಲಕ್ಕೂ ನಡುವೆ ಶತಮಾನಗಳ ಅಂತರವಿದೆ. ಒಬ್ಬ ಲಿಪಿಕಾರ ಇನ್ನೊಬ್ಬನ ಪ್ರತಿಯನ್ನು ನೋಡಿ ಬರೆಯುತ್ತ ಬಂದಾಗ ತಪ್ಪುಗಳು ಸೇರುತ್ತವೆ. ಹಳಗನ್ನಡದಲ್ಲಿ ಱ ಮತ್ತು ೞ ಎಂಬ ಎರಡು ಅಕ್ಷರಗಳಿದ್ದವು. ಅವು ಬಳಕೆಯಿಂದ ಜಾರಿದ ಮೇಲೆ ಬಂದ ಲಿಪಿಕಾರರು ಅವುಗಳ ಸ್ಥಾನದಲ್ಲಿ ರ, ಳ ಮುಂತಾದವನ್ನು ಬರೆದರು. ಆಗ ಎರಡು ಬೇರೆ ಬೇರೆ ಪದಗಳು ಒಂದಾಗಿ ಕಂಡು ಅರ್ಥ ಕೆಡುತ್ತದೆ. ಗರಿಯ ಅಂಚು ಮುರಿದಿದ್ದರೆ ಅಕ್ಷರಗಳೇ ಇರುವುದಿಲ್ಲ. ಸಂಪಾದಕನಿಗೆ ಆಗ ನೆರವಾಗುವುದು ಛಂದಸ್ಸು. ಕಂದದಲ್ಲಿಯೂ ವೃತ್ತದಲ್ಲಿಯೂ ಪ್ರತಿ ಪಾದದ ಎರಡನೆಯ ಅಕ್ಷರ ಪ್ರಾಸಕ್ಕೆ ಹೊಂದಬೇಕು, ಮಾತ್ರೆ ಅಥವಾ ಗಣ ತಪ್ಪಬಾರದು. ಒಂದು ಪಾಠ ಅರ್ಥಕ್ಕೆ ಒಪ್ಪಿದರೂ ಪ್ರಾಸಕ್ಕೆ ಒಪ್ಪದಿದ್ದರೆ ಅದನ್ನು ಸಂಶಯದಿಂದ ನೋಡಬೇಕು. ಎಲ್ಲಿ ಪ್ರತಿಗಳು ಬೇರೆಯಾಗುತ್ತವೆಯೋ ಅಲ್ಲಿ ತನ್ನ ಆಯ್ಕೆಯನ್ನು ಮೇಲಿಟ್ಟು, ಬಿಟ್ಟ ಪಾಠವನ್ನು ಅಡಿಯಲ್ಲಿ ಕೊಡಬೇಕು. ಊಹೆ ಮಾಡುವ ಹಕ್ಕು ಸಂಪಾದಕನಿಗಿದೆ, ಊಹೆಯನ್ನು ಬಚ್ಚಿಡುವ ಹಕ್ಕು ಇಲ್ಲ.

ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಇಂತಹ ಕೆಲಸಕ್ಕೆ ಕೈಹಾಕಿದ್ದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ವಾಸ್ತವದಲ್ಲಿ ಅಳತೆ, ಹೋಲಿಕೆ, ದೋಷದ ಲೆಕ್ಕ ಇವುಗಳಲ್ಲಿ ಪಳಗಿದ ಮನಸ್ಸಿಗೆ ಪಾಠಾಂತರಗಳ ತುಲನೆ ಹೊರಗಿನ ಕೆಲಸವಲ್ಲ. ಆ ತಲೆಮಾರಿನಲ್ಲಿ ವಿಜ್ಞಾನ ಮತ್ತು ಸಾಹಿತ್ಯಗಳ ನಡುವೆ ಇಂದಿನಂತೆ ಗೋಡೆ ಎದ್ದಿರಲಿಲ್ಲವೆಂಬುದನ್ನೂ ನೆನೆಯಬೇಕು. ಪರಿಷತ್ತಿನ ಈ ಮುದ್ರಣದಿಂದಾಗಿ ಪಂಪನು ತರಗತಿಗಳಿಗೆ ಮರಳಿದನು. ಆ ದಶಕದಿಂದಾಚೆಗೆ ಪಂಪನ ಮೇಲೆ ಬಂದ ವಿಮರ್ಶೆ, ವ್ಯಾಖ್ಯಾನಗಳ ಬೆಳೆಗೆ ಇಂತಹ ಶುದ್ಧಪಾಠವೊಂದು ಅಗತ್ಯವಾಗಿತ್ತು. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ಯಂತಹ ವಿಸ್ತಾರವಾದ ವ್ಯಾಖ್ಯಾನ ಬಂದದ್ದು ಇನ್ನೂ ನಾಲ್ಕು ದಶಕಗಳ ಅನಂತರ.

ಜಮಖಂಡಿ ಸಮ್ಮೇಳನ

ಪರಿಷತ್ತಿನ ವಾರ್ಷಿಕ ಸಮ್ಮೇಳನಗಳು ಮೊದಲಿನ ಮೂರು ವರ್ಷ ಬೆಂಗಳೂರು, ಮೈಸೂರುಗಳಲ್ಲಿ ನಡೆದು, 1918ರಲ್ಲಿ ಆರ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಧಾರವಾಡಕ್ಕೆ ಹೋದವು. ಅಲ್ಲಿಂದ ಮುಂದೆ ಸಮ್ಮೇಳನವೆಂಬುದು ಊರಿಂದೂರಿಗೆ ಸಂಚರಿಸುವ ಕನ್ನಡಿಗರ ಜಾತ್ರೆಯಾಯಿತು. ಹೊಸಪೇಟೆ, ವಿಜಾಪುರ, ಮಂಗಳೂರು, ಕಲಬುರಗಿ, ಕಾರವಾರ, ಮಡಿಕೇರಿ, ರಾಯಚೂರು ಎಂದು ಬೇರೆ ಬೇರೆ ಆಡಳಿತಗಳಿಗೆ ಸೇರಿದ ಊರುಗಳಲ್ಲಿ ಅದು ಸೇರಿತು. 1935ರಲ್ಲಿ ಮುಂಬಯಿಯಲ್ಲಿ ಎನ್.ಎಸ್. ಸುಬ್ಬರಾಯರ ಅಧ್ಯಕ್ಷತೆಯಲ್ಲಿ ನಡೆದ ಮೇಲೆ ಮುಂದಿನದು 1937ರಲ್ಲಿ ಜಮಖಂಡಿಯಲ್ಲಿ ಸೇರಿತು. ಅದರ ಅಧ್ಯಕ್ಷ ಪೀಠಕ್ಕೆ ವೆಂಕಟನಾರಣಪ್ಪನವರು ಆಯ್ಕೆಯಾದರು. ಆಗ ಅವರಿಗೆ ಅರವತ್ತೈದು ವರ್ಷ.

ಜಮಖಂಡಿ ಅಂದು ಪಟವರ್ಧನ ಮನೆತನದ ರಾಜರು ಆಳುತ್ತಿದ್ದ ಸಣ್ಣ ಸಂಸ್ಥಾನ. ಪ್ರಜೆಗಳ ಮಾತು ಕನ್ನಡವಾದರೂ ಅರಮನೆ, ಕಚೇರಿಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಅಂತಹ ನೆಲದಲ್ಲಿ ಕನ್ನಡ ಸಮ್ಮೇಳನ ಸೇರುವುದಕ್ಕೆ ತನ್ನದೇ ಅರ್ಥವಿತ್ತು. ಕವಿಗಳೂ ಪಂಡಿತರೂ ದೇಶಸೇವಕರೂ ಅಲಂಕರಿಸುತ್ತ ಬಂದ ಪೀಠಕ್ಕೆ ವಿಜ್ಞಾನವನ್ನು ವೃತ್ತಿಯಾಗಿ ಕಲಿಸಿದವರೊಬ್ಬರು ಬಂದುದು ಕನ್ನಡ ಸಾಹಿತ್ಯವೆಂಬ ಮಾತಿನ ವ್ಯಾಪ್ತಿ ವಿಸ್ತಾರಗೊಳ್ಳುತ್ತಿದ್ದುದರ ಗುರುತು. 1928ರಲ್ಲಿ ಕಲಬುರಗಿಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರ ಅನಂತರ ತುಮಕೂರು ಸೀಮೆಯಲ್ಲಿ ಹುಟ್ಟಿದ ಇನ್ನೊಬ್ಬರಿಗೆ ಈ ಗೌರವ ಸಂದಿತು. ಮರುವರ್ಷ ಶ್ರೀಕಂಠಯ್ಯನವರು ಪರಿಷತ್ತಿನ ಉಪಾಧ್ಯಕ್ಷರಾದರು; ಅವರ ಕಾಲದಲ್ಲಿ ‘ಕರ್ಣಾಟಕ ಸಾಹಿತ್ಯ ಪರಿಷತ್ತು’ ಎಂಬ ಹೆಸರು ‘ಕನ್ನಡ ಸಾಹಿತ್ಯ ಪರಿಷತ್ತು’ ಎಂದು ಬದಲಾಯಿತು.

ಜೀವವಿಜ್ಞಾನ ಮತ್ತು ನಿಘಂಟು

‘ವಿಜ್ಞಾನ’ ಪತ್ರಿಕೆ ನಿಂತು ಎರಡು ದಶಕ ಕಳೆದ ಮೇಲೆ, 1939ರಲ್ಲಿ, ವೆಂಕಟನಾರಣಪ್ಪನವರ ‘ಜೀವವಿಜ್ಞಾನ’ ಪ್ರಕಟವಾಯಿತು. ಭೌತಶಾಸ್ತ್ರವನ್ನು ಜೀವಮಾನವೆಲ್ಲ ಬೋಧಿಸಿದವರು ಎಪ್ಪತ್ತರ ಹತ್ತಿರ ಬಂದಾಗ ತಮ್ಮದಲ್ಲದ ಶಾಸ್ತ್ರವನ್ನು ಓದಿಕೊಂಡು ಕನ್ನಡದಲ್ಲಿ ಬರೆದದ್ದು ಅವರ ಸ್ವಭಾವವನ್ನು ಹೇಳುತ್ತದೆ. ಆ ವಿಷಯವನ್ನು ಬಲ್ಲ ತರುಣರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಕನ್ನಡ ಬಲ್ಲ ಪಂಡಿತರಿಗೆ ಆ ವಿಷಯ ತಿಳಿಯದು. ನಡುವಿನ ತೆರಪನ್ನು ಯಾರಾದರೂ ತುಂಬಲೇಬೇಕಾಗಿತ್ತು. ಕನ್ನಡ ಬಲ್ಲ ಓದುಗನು ಜೀವಿಗಳ ಪ್ರಪಂಚವನ್ನು ಶಾಸ್ತ್ರಕ್ರಮದಲ್ಲಿ ತಿಳಿಯಲು ದಾರಿ ಮಾಡಿದ ಆರಂಭದ ಗ್ರಂಥಗಳಲ್ಲಿ ಇದೊಂದು.

ಮೈಸೂರು ವಿಶ್ವವಿದ್ಯಾನಿಲಯವು ಕೈಗೊಂಡಿದ್ದ ಇಂಗ್ಲಿಷ್–ಕನ್ನಡ ನಿಘಂಟಿನ ಸಂಪಾದನ ಕಾರ್ಯದಲ್ಲಿಯೂ ಅವರು ತೊಡಗಿದ್ದರು. ಕನ್ನಡಕ್ಕೆ ಅದುವರೆಗೆ ಇದ್ದ ಮುಖ್ಯ ನಿಘಂಟುಗಳು ವಿಲಿಯಂ ರೀವ್ ಮತ್ತು ಫರ್ಡಿನೆಂಡ್ ಕಿಟ್ಟೆಲ್ ಅವರಂತಹ ಮಿಷನರಿಗಳ ಪರಿಶ್ರಮದ ಫಲ. ಕಿಟ್ಟೆಲರ 1894ರ ಮಹಾಕೋಶ ಕನ್ನಡದಿಂದ ಇಂಗ್ಲಿಷಿಗೆ ಅರ್ಥ ಕೊಡುವಂಥದು. ರೀವ್ ಅವರ ಇಂಗ್ಲಿಷ್–ಕನ್ನಡ ಕೋಶ 1824ರದು. ಅದು ಬಂದ ಮೇಲೆ ಲೋಕದಲ್ಲಿ ರೈಲು, ತಂತಿ, ವಿದ್ಯುತ್ತು ಎಲ್ಲವೂ ಬಂದಿದ್ದವು. ಇಂಗ್ಲಿಷಿನಿಂದ ಕನ್ನಡಕ್ಕೆ ಬರೆಯುವ ಪತ್ರಕರ್ತ, ಅಧ್ಯಾಪಕ, ಗುಮಾಸ್ತ ಇವರೆಲ್ಲರಿಗೂ ಹೊಸ ನಿಘಂಟು ಬೇಕಾಗಿತ್ತು. ಒಂದೊಂದು ಪದಕ್ಕೂ ಹಲವು ಛಾಯೆಗಳನ್ನು ಬಿಡಿಸಿ, ಶಾಸ್ತ್ರಪದಗಳಿಗೆ ಒಪ್ಪುವ ಕನ್ನಡ ರೂಪ ಕೊಡುವ ಆ ಕೆಲಸದಲ್ಲಿ ‘ವಿಜ್ಞಾನ’ದ ದಿನಗಳ ಅನುಭವ ಉಪಯೋಗಕ್ಕೆ ಬಂದಿರಲೇಬೇಕು. ನಿಘಂಟು ಅಚ್ಚಾಗಿ ಹೊರಬಂದದ್ದು 1946ರಲ್ಲಿ.

ಕೊನೆಯ ದಿನಗಳು ಮತ್ತು ನೆನಪು

ವೆಂಕಟನಾರಣಪ್ಪನವರು 1943ರಲ್ಲಿ ನಿಧನರಾದರು. ನಿಘಂಟಿನ ಮುದ್ರಿತ ಪ್ರತಿಯನ್ನು ಅವರು ಕಾಣಲಿಲ್ಲ. ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಯೋಜನೆಯೂ ಅದೇ ಸುಮಾರಿನಲ್ಲಿ ಆರಂಭದ ಹಂತದಲ್ಲಿತ್ತು. ಅದರ ಎಂಟು ಸಂಪುಟಗಳು ಮುಗಿಯಲು 1995ರವರೆಗೆ ಕಾಯಬೇಕಾಯಿತು. ಹದಿಮೂರು ವರ್ಷಗಳ ಅನಂತರ, 1956ರ ನವೆಂಬರ್ 1ರಂದು, ಬೆಂಗಳೂರು, ಬೆಳ್ಳಾವಿ, ಜಮಖಂಡಿ ಮೂರೂ ಒಂದೇ ರ��ಜ್ಯಕ್ಕೆ ಸೇರಿದವು.

ಅವರ ಸಮಕಾಲೀನರಾದ ಡಿ.ವಿ. ಗುಂಡಪ್ಪನವರು ತಮ್ಮ ‘ಜ್ಞಾಪಕ ಚಿತ್ರಶಾಲೆ’ಯ ಬರಹಗಳಲ್ಲಿ ಇವರನ್ನು ನೆನೆದಿದ್ದಾರೆ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಮಾತ್ರ ಇವರಿಗೆ ಸಿಗುವುದು ಬಹುಮಟ್ಟಿಗೆ ಒಂದೆರಡು ವಾಕ್ಯ. ಸಮ್ಮೇಳನಾಧ್ಯಕ್ಷರ ಪಟ್ಟಿಯಲ್ಲಿ ಒಂದು ಹೆಸರು. ಕವಿಯಾಗಿಯೋ ಕಾದಂಬರಿಕಾರರಾಗಿಯೋ ಬರೆಯದಿದ್ದುದು ಇದಕ್ಕೆ ಕಾರಣವಿರಬೇಕು. ‘ವಿಜ್ಞಾನ’ ಪತ್ರಿಕೆಯ ಸಂಚಿಕೆಗಳು ಹಳೆಯ ಗ್ರಂಥಭಂಡಾರಗಳಲ್ಲಿ ನೋಡಸಿಗುವಂಥವು.

ಮುಖ್ಯ ಕೆಲಸಗಳು

‘ವಿಜ್ಞಾನ’ ಮಾಸಪತ್ರಿಕೆ, 1918–1919, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸಂಪಾದನೆ
‘ಪಂಪಭಾರತಂ ಅಥವಾ ವಿಕ್ರಮಾರ್ಜುನ ವಿಜಯಂ’, 1931, ಸಂಪಾದನೆ
‘ಜೀವವಿಜ್ಞಾನ’, 1939
ಕರ್ಣಾಟಕ ಸಾಹಿತ್ಯ ಪರಿಷತ್ಪತ್ರಿಕೆಯ ಸಂಪಾದನೆ